ಕೊಥ್ರೂಡ್‌ನ ಬಯಾಲಜಿ ಟ್ಯೂಷನ್: ನೋಟ್ಸ್ ಸುಮಾರು, ಮೇಡಂ ಸೂಪರ್

ಐದಕ್ಕೆ ನಾಲ್ಕು ಸ್ಟಾರ್. ಪುಣೆಯಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರುವ ನಮ್ಮವರು ಕೇಳುತ್ತಲೇ ಇರುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಒಂದು ಸ್ಟಾರ್ ಹೋಗಿದ್ದು ನೋಟ್ಸಿಗೆ. ದುಡ್ಡು ಬೇರೆ ಕೊಡಬೇಕು, ಒಳಗೆ ನೋಡಿದರೆ 'ಜೀನ್ ಎಂಬ ಪದ ಕೊಟ್ಟವನು ಮೆಂಡೆಲ್' ಅಂತ ಅಚ್ಚಾಗಿದೆ. ಮೇಡಂ ಮೊದಲ ದಿನವೇ ಅದನ್ನು ಹೊಡೆದು ಹಾಕಿಸಿದರು. ಬಟಾಣಿ ಗಿಡಗಳ ಪ್ರಯೋಗ ಮಾಡಿದ ಮೆಂಡೆಲ್ ತೀರಿಕೊಂಡಿದ್ದು 1884ರಲ್ಲಿ, ಪದ ಬಂದಿದ್ದು 1909ರಲ್ಲಿ. ಕೊಟ್ಟವರು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೋಹಾನ್ಸೆನ್. ಗುಣಗಳು ಮಕ್ಕಳಿಗೆ ಹೇಗೆ ಬರುತ್ತವೆ ಅನ್ನೋದಕ್ಕೆ ಡಾರ್ವಿನ್ ಕಟ್ಟಿದ ಪ್ಯಾನ್‌ಜೆನೆಸಿಸ್ ಅನ್ನೋ ಊಹೆಯಿಂದ ಡಚ್ ಸಸ್ಯವಿಜ್ಞಾನಿ ದ ವ್ರೀಸ್ ಪ್ಯಾನ್‌ಜೆನ್ ಅನ್ನೋ ಪದ ಮಾಡಿಕೊಂಡಿದ್ದ, ಇವರು ಅದರ ತಲೆ ಕತ್ತರಿಸಿ ಬರೀ ಜೆನ್ ಉಳಿಸಿಕೊಂಡರು. ತಮಾಷೆ ಅಂದರೆ ಈ ಇಡೀ ವಿಜ್ಞಾನಕ್ಕೆ ಜೆನೆಟಿಕ್ಸ್ ಅನ್ನೋ ಹೆಸರನ್ನು ಇಂಗ್ಲೆಂಡಿನ ಜೀವವಿಜ್ಞಾನಿ ಬೇಟ್ಸನ್ 1905ರಲ್ಲೇ ಒಂದು ಪತ್ರದಲ್ಲಿ ಬರೆದಾಗಿತ್ತು. ಮಗು ಆಮೇಲೆ, ಕುಲಾವಿ ಮೊದಲು!

ಡೆಮೊ ಕ್ಲಾಸಿನಲ್ಲಿ ನಾನೂ ಸುಮ್ನೆ ಹಿಂದಿನ ಬೆಂಚಲ್ಲಿ ಕೂತಿದ್ದೆ. ಮೇಡಂ ಡಬ್ಬಿಯಿಂದ ರಾಜ್ಮಾ ಸುರಿದು, ಸಣ್ಣ ತಕ್ಕಡಿಯಲ್ಲಿ ಒಂದೊಂದೇ ಕಾಳು ತೂಗಿಸಿದರು. ಯೋಹಾನ್ಸೆನ್ ತೂಗಿದ್ದೂ ಇದೇ ಜಾತಿಯ ಬೀನ್ಸ್ ಕಾಳುಗಳನ್ನಂತೆ. ಒಂದೇ ಶುದ್ಧ ತಳಿಯಲ್ಲಿ, ಅಂದರೆ ತನ್ನಷ್ಟಕ್ಕೇ ಪರಾಗಸ್ಪರ್ಶವಾಗೋ ಒಂದೇ ಗಿಡದ ಸಂತತಿಯಲ್ಲಿ, ದಪ್ಪ ಕಾಳು ಬಿತ್ತಿದರೂ ಸಣ್ಣದು ಬಿತ್ತಿದರೂ ಮುಂದೆ ಬರೋ ಕಾಳುಗಳ ಸರಾಸರಿ ತೂಕ ಒಂದೇ. ಕಣ್ಣಿಗೆ ಕಾಣೋದು ಫೀನೋಟೈಪ್, ವಂಶದಿಂದ ಒಳಗೆ ಬಂದಿದ್ದು ಜೀನೋಟೈಪ್. ಈ ಎರಡೂ ಪದ ಅವರದ್ದೇ. ಮಗಳಿಗೆ ಆ ತಕ್ಕಡಿ ಇನ್ನೂ ನೆನಪಿದೆ, ನೋಟ್ಸ್ ಎಲ್ಲಿದೆಯೋ ಗೊತ್ತಿಲ್ಲ.

ಮೇಡಂ ಮರಾಠಿಯವರು, ಜೀನ್‌ಗೆ 'ಜನುಕ' ಅಂತಾರೆ. ನಾವು ವಂಶವಾಹಿ ಅಂತೀವಿ ಅಂದೆ, ಅರ್ಥ ಕೇಳಿದರು. ವಂಶದ್ದನ್ನು ಹೊತ್ತು ತರೋದು ಅಂದೆ. "ಯೋಹಾನ್ಸೆನ್‌ಗೆ ಇಂಥ ಹೊರೆಯೇ ಬೇಡವಾಗಿತ್ತು, ಯಾವ ಊಹೆಯೂ ಅಂಟದ ಒಂದು ಪುಟ್ಟ ಪದ ಸಾಕು ಅಂದಿದ್ದರು" ಅಂತ ನಕ್ಕರು. ನನಗೆ ನಮ್ಮ ಪದವೇ ಇಷ್ಟ, ಬಿಡಿ. ಜೀನ್ ಅಂದರೆ ಧಾರವಾಡದ ನಮ್ಮತ್ತೆಗೆ ಜೀನ, ಅಂದರೆ ಜಿಪುಣ ಅಂತಲೇ ಕೇಳಿಸುತ್ತೆ. ನಮ್ಮ ಮಾವನವರಿಂದ ಯಜಮಾನರಿಗೆ ಬಂದಿದ್ದು ನೋಡಿದರೆ ಅದೂ ಸರಿಯೇ ಅನ್ಸುತ್ತೆ.

ಫೀಸ್ ಸ್ವಲ್ಪ ಜಾಸ್ತಿ, ಕಂತು ಒಪ್ಪುತ್ತಾರೆ. ಮರಾಠಿ, ಇಂಗ್ಲಿಷ್ ಕಲಸಿ ಪಾಠ. ನೋಟ್ಸ್ ತಗೋಬೇಡಿ. ಗೇಟ್ ಮುಂದೆ ಸ್ಕೂಟರ್ ನಿಲ್ಲಿಸಿದರೆ ಕೆಳಗಿನ ಮನೆ ಅಜ್ಜಿ ಬೈತಾರೆ, ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ.