ಹಳೆಯ ಸ್ಕ್ಯಾಂಪ್ ಟ್ರೇಲರಿಗೆ 45 ಡಿಗ್ರಿ ಟಾರ್ಷನ್ ಆಕ್ಸಲ್: ಕೆಲವು ವರ್ಷ ಎಳೆದಾಡಿದ ಮೇಲೆ

ಸಣ್ಣ ಟ್ರೇಲರಿನ ಹೊಟ್ಟೆ ನೆಲಕ್ಕೆ ತಾಗುತ್ತಿದೆ ಅಂದರೆ ಬ್ಲಾಕು, ಸ್ಪೇಸರು ಅಂತ ಹುಡುಕುವ ಮೊದಲು ಕೆಳಗೆ ಬಗ್ಗಿ ಆಕ್ಸಲ್ ನೋಡಿ. ಟ್ರೇಲರ್ ಹಳೆಯದಾಗಿದ್ದರೆ ಕಾಯಿಲೆ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ನಮ್ಮದು 13 ಅಡಿಯ ಸ್ಕ್ಯಾಂಪ್, ಅಮೆರಿಕದ ಮಿನೆಸೋಟಾದ ಬ್ಯಾಕಸ್ ಊರಿನಲ್ಲಿ ತಯಾರಾಗುವ, ಗಾಡಿಯ ಹಿಂದೆ ಎಳೆದುಕೊಂಡು ಹೋಗಿ ಒಳಗೇ ಮಲಗುವ ಫೈಬರ್‌ಗ್ಲಾಸ್ ಟ್ರೇಲರ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅದಕ್ಕೆ ಡೆಕ್ಸ್ಟರ್ ಕಂಪನಿಯ ಟಾರ್ಫ್ಲೆಕ್ಸ್ ಅನ್ನುವ ಟಾರ್ಷನ್ ಆಕ್ಸಲ್, ಚಕ್ರದ ತೋಳು 45 ಡಿಗ್ರಿ ಕೆಳಗೆ ನೋಡುವಂಥದ್ದು, ಹಾಕಿಸಿದೆವು. ಡೆನ್ವರ್ ಹತ್ತಿರದ ನಮ್ಮ ಮನೆಯಿಂದ ಯೂಟಾ, ನ್ಯೂ ಮೆಕ್ಸಿಕೋ ಕಡೆಯ ಮಣ್ಣುರಸ್ತೆಗಳಲ್ಲಿ ಎಳೆದಾಡಿ ಈಗ ಕೆಲವು ವರ್ಷ ಆಯಿತು. ಇನ್ನೊಮ್ಮೆ ಮಾಡಿಸಬೇಕಾಗಿ ಬಂದರೂ ಇದನ್ನೇ ಮಾಡಿಸುತ್ತೇನೆ.

ಟಾರ್ಷನ್ ಆಕ್ಸಲ್ ಒಳಗೆ ಏನಿದೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಚೌಕದ ಕಬ್ಬಿಣದ ಕೊಳವೆ, ಅದರೊಳಗೆ ಓರೆಯಾಗಿ ಕೂತ ಇನ್ನೊಂದು ಚೌಕದ ಸರಳು, ಎರಡರ ನಡುವಿನ ನಾಲ್ಕು ಮೂಲೆಗಳಲ್ಲಿ ರಬ್ಬರಿನ ಉದ್ದ ತುಂಡುಗಳು. ಸರಳಿನ ತುದಿಗೆ ಒಂದು ತೋಳು, ತೋಳಿಗೆ ಚಕ್ರ. ಗುಂಡಿಗೆ ಬಿದ್ದಾಗ ತೋಳು ಮೇಲೇಳುತ್ತದೆ, ಸರಳು ತಿರುಗಿ ರಬ್ಬರನ್ನು ಹಿಂಡುತ್ತದೆ, ಅಷ್ಟೇ ಸಸ್ಪೆನ್ಷನ್. ಸ್ಪ್ರಿಂಗ್ ಇಲ್ಲ, ಸದ್ದಿಲ್ಲ, ಎಣ್ಣೆ ಹಾಕುವ ಕೆಲಸವಿಲ್ಲ. ಆದರೆ ವರ್ಷಗಟ್ಟಲೆ ಭಾರ ಹೊತ್ತ ರಬ್ಬರು ಕೂತುಬಿಡುತ್ತದೆ. ಟ್ರೇಲರ್ ಸುಮ್ನೆ ಶೆಡ್ಡಿನಲ್ಲಿ ನಿಂತಿದ್ದರೂ ಕೂರುತ್ತದೆ. ಒಮ್ಮೆ ಕೂತರೆ ರಿಪೇರಿ ಇಲ್ಲ, ಆಕ್ಸಲ್ಲೇ ಬದಲಾಗಬೇಕು.

ನೋಡುವುದು ಹೇಗೆ? ಟ್ರೇಲರ್ ಸಮತಟ್ಟು ನೆಲದಲ್ಲಿರಲಿ, ಸಾಮಾನು ತುಂಬಿರಲಿ. ಚಕ್ರದ ಹಿಂದೆ ಮಂಡಿಯೂರಿ ಟಾರ್ಚ್ ಬೆಳಕು ಹಾಯಿಸಿ ತೋಳು ನೋಡಿ. ಕೊಳವೆಯಿಂದ ಹಿಂದಕ್ಕೆ ಹೋಗುವ ತೋಳು ಸ್ವಲ್ಪ ಕೆಳಗೆ ಇಳಿಜಾರಾಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಮ್ಮದು ಮೇಲ್ಮುಖವಾಗಿತ್ತು. ಆಮೇಲೆ ಫ್ರೇಮಿಗೆ ಜ್ಯಾಕ್ ಕೊಟ್ಟು ಎತ್ತಿ. ಸರಿಯಾದ ಆಕ್ಸಲ್ ಆದರೆ ಚಕ್ರ ನೆಲ ಬಿಡುವ ಮೊದಲು ಒಂದೆರಡು ಇಂಚಾದರೂ ಜೋತು ಬೀಳುತ್ತದೆ. ನಮ್ಮದು ಜ್ಯಾಕ್ ಜೊತೆಗೇ ಮೇಲೆದ್ದಿತು, ತೋಳು ಅಲ್ಲಾಡಲೇ ಇಲ್ಲ. ಅಂದರೆ ಎತ್ತರ ಹೋದದ್ದಷ್ಟೇ ಅಲ್ಲ, ಸಸ್ಪೆನ್ಷನ್ನೇ ಇರಲಿಲ್ಲ. ಮಣ್ಣುರಸ್ತೆಯಲ್ಲಿ ಹೋದಾಗಲೆಲ್ಲ ಒಳಗಿನ ಕಪಾಟಿನ ರಿವೆಟ್ ಕಿತ್ತು ಬರುತ್ತಿದ್ದುದು ಯಾಕೆ ಅಂತ ಆವತ್ತು ಅರ್ಥವಾಯಿತು. ಇಂಥ ಸತ್ತ ಆಕ್ಸಲ್ ಕೆಳಗೆ ಸ್ಪೇಸರ್ ಇಟ್ಟು ಎತ್ತರಿಸಿದರೆ ನೋಡಲು ಚೆನ್ನಾಗಿರುತ್ತದೆ, ಏಟು ಮಾತ್ರ ಹಾಗೇ ಟ್ರೇಲರಿನ ಮೈಗೆ ಬೀಳುತ್ತದೆ.

ಈಗ ಎತ್ತರದ ಲೆಕ್ಕ. ತೋಳಿನ ಉದ್ದ 6 ಇಂಚು. ಭಾರ ಇಲ್ಲದಾಗ ಆ ತೋಳು ಎಷ್ಟು ಡಿಗ್ರಿ ಕೆಳಗೆ ನೋಡಬೇಕು ಅನ್ನುವುದನ್ನು ಆರ್ಡರ್ ಮಾಡುವಾಗಲೇ ಹೇಳಬಹುದು. 22.5 ಡಿಗ್ರಿ ಆದರೆ ಚಕ್ರದ ನಡುಭಾಗ ಕೊಳವೆಗಿಂತ ಸುಮಾರು 2.3 ಇಂಚು ಕೆಳಗಿರುತ್ತದೆ, 45 ಡಿಗ್ರಿ ಆದರೆ 4.2 ಇಂಚು. ವ್ಯತ್ಯಾಸ ಹೆಚ್ಚುಕಡಿಮೆ 2 ಇಂಚು. ನಮ್ಮ ಹಳೆಯ ರಬ್ಬರು ಕೂತು ಕಳೆದುಕೊಂಡಿದ್ದ ಎತ್ತರವೂ ವಾಪಸ್ ಬಂದದ್ದರಿಂದ ಒಟ್ಟು ಲಾಭ 4 ಇಂಚಿನ ಹತ್ತಿರ. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಊರಿನ ಹಂಪ್ ಮೇಲೆ ತುಂಬಿದ ಕಾರು ಹತ್ತಿಸಿದವರಿಗೆ ಒಂದೊಂದು ಇಂಚಿನ ಬೆಲೆ ಗೊತ್ತು, ಅಲ್ವಾ?

ಕೋನ ಬದಲಾದರೆ ಚಕ್ರ ಕೆಳಗೆ ಹೋಗುವುದರ ಜೊತೆಗೆ ಮುಂದಕ್ಕೂ ಬರುತ್ತದೆ ಅನ್ನುವುದನ್ನು ಬಹಳ ಜನ ಹೇಳುವುದಿಲ್ಲ. ಕೊಳವೆ ಅದೇ ಜಾಗದಲ್ಲಿದ್ದರೆ 22.5ರಿಂದ 45ಕ್ಕೆ ಹೋದಾಗ ಚಕ್ರ 1.3 ಇಂಚು ಮುಂದೆ ಬರುತ್ತದೆ. ಇದರಿಂದ ಎರಡು ತಾಪತ್ರಯ. ಟೈರು ಚಕ್ರದ ಗೂಡಿನ ಮುಂದಿನ ಅಂಚಿಗೆ ಹತ್ತಿರವಾಗುತ್ತದೆ. ಜೊತೆಗೆ ಹಿಚ್ ಮೇಲೆ, ಅಂದರೆ ಎಳೆಯುವ ಗಾಡಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ, ಬೀಳುವ ಭಾರ ಇಳಿಯುತ್ತದೆ, ಅದು ಅಪಾಯ. ಒಟ್ಟು ತೂಕದ 10ರಿಂದ 15 ಶೇಕಡಾ ಹಿಚ್ ಮೇಲೆ ಇರಬೇಕು, ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಹಾಗಾಗಿ ನಮಗೆ ಆಕ್ಸಲ್ ಕೂರಿಸಿದವರು ಹೊಸ ಕೊಳವೆಯನ್ನೇ ಅಷ್ಟು ಹಿಂದಕ್ಕೆ ಸರಿಸಿ ಕೂರಿಸಿದರು. ಆಮೇಲೆ ಟ್ರಕ್ ಸ್ಟಾಪಿನಲ್ಲಿ ತೂಕ ಹಾಕಿಸಿ ನೋಡಿಕೊಂಡೆವು.

ಕೂರಿಸುವವರನ್ನು ನೋಡಿ ಆರಿಸಿ. ಹಳೆಯ ಆಕ್ಸಲ್ ನಮ್ಮ ಫ್ರೇಮಿಗೆ ವೆಲ್ಡ್ ಆಗಿತ್ತು, ಗ್ರೈಂಡರ್ ಹಿಡಿದು ಕತ್ತರಿಸಿಯೇ ಬಿಡಿಸಬೇಕಾಯಿತು. ಮೊದಲು ವಿಚಾರಿಸಿದ ಒಂದು ಗ್ಯಾರೇಜಿನವರು ಹೊಸದರ ಕೊಳವೆಗೇ ನೇರ ವೆಲ್ಡ್ ಮಾಡುತ್ತೇವೆ ಅಂದರು. ಒಳಗಿರುವುದು ರಬ್ಬರು, ಆ ಬಿಸಿಗೆ ಹಾಳಾಗುತ್ತದೆ. ಬೇಡ ಅಂತ ಎದ್ದು ಬಂದೆವು. ಇನ್ನೊಬ್ಬರು ಫ್ರೇಮಿಗೆ ಬ್ರ್ಯಾಕೆಟ್ ವೆಲ್ಡ್ ಮಾಡಿ, ಆರಿದ ಮೇಲೆ ಆಕ್ಸಲನ್ನು ಬೋಲ್ಟಿನಲ್ಲಿ ಕಟ್ಟಿದರು. ಮುಂದೆ ಎಂದಾದರೂ ಬದಲಿಸಬೇಕಾದರೆ ಸ್ಪ್ಯಾನರ್ ಸಾಕು. ಎಲೆಕ್ಟ್ರಿಕ್ ಬ್ರೇಕು, ಕೂಲಿ, ಹೊಸ ಬಾಲ್ ಮೌಂಟ್ ಎಲ್ಲ ಸೇರಿ ನಮಗೆ ಸಾವಿರದ ಐನೂರು ಡಾಲರಿನ ಆಸುಪಾಸು ಬಿತ್ತು. ಬಾಲ್ ಮೌಂಟ್ ಅಂದರೆ ಟ್ರೇಲರ್ ಸಿಕ್ಕಿಸುವ ಗುಂಡನ್ನು ಗಾಡಿಯ ಹಿಂದೆ ಹಿಡಿದಿರುವ ತುಂಡು. ಅದು ಯಾಕೆ ಅಂದರೆ ಹಿಂದೆ ಎತ್ತರವಾದಷ್ಟು ಮುಂದೆಯೂ ಎತ್ತರವಾಗಬೇಕು. ಇಲ್ಲದಿದ್ದರೆ ಟ್ರೇಲರ್ ಮೂಗು ತಗ್ಗಿಸಿಕೊಂಡೇ ಓಡುತ್ತದೆ.

ಇಷ್ಟಕ್ಕೂ ಪರೀಕ್ಷೆ ಆಗುವುದು ರಸ್ತೆಯಲ್ಲಿ. ನ್ಯೂ ಮೆಕ್ಸಿಕೋದ ಚಾಕೋ ಕಣಿವೆಗೆ 550ನೇ ಹೆದ್ದಾರಿಯಿಂದ ಒಳಗೆ ತಿರುಗಿದರೆ 8 ಮೈಲಿ ಟಾರು, ಆಮೇಲೆ 13 ಮೈಲಿ ಮಣ್ಣು. ಆ ಮಣ್ಣಿನಲ್ಲೂ ಕೊನೆಗೆ ಸಿಗುವ ತುಂಡು ಭಾರಿ ಕೆಟ್ಟದ್ದು, ಸಾಲುಸಾಲು ಅಲೆ ಎದ್ದ ನೆಲ, ನಡುವೆ ಒಂದು ಮರಳು ಹಳ್ಳ ದಾಟಬೇಕು. ಸಾವಿರ ವರ್ಷದ ಹಿಂದಿನ ಕಲ್ಲಿನ ದೊಡ್ಡ ಮನೆಗಳನ್ನು ನೋಡುವ ಆಸೆಗೆ ಆ ರಸ್ತೆಯನ್ನು ಸಹಿಸಿಕೊಳ್ಳಬಹುದು. ಹೊಸ ಆಕ್ಸಲ್ ಇಟ್ಟುಕೊಂಡು ನಿಧಾನ ಹೋದೆವು. ಗ್ಯಾಲೋ ಕ್ಯಾಂಪ್‌ಗ್ರೌಂಡಿನಲ್ಲಿ ಬಾಗಿಲು ತೆಗೆದಾಗ ಕಪಾಟು ಎಲ್ಲಿತ್ತೋ ಅಲ್ಲೇ ಇತ್ತು, ಡ್ರಾಯರಿನಲ್ಲಿದ್ದ ಸ್ಟೀಲ್ ಲೋಟ ಕೂಡ ಉರುಳಿರಲಿಲ್ಲ. ಹಳ್ಳದ ಏರಿನಲ್ಲಿ ಹಿಂದಿನ ಬಂಪರ್ ಕೆರೆಯಲಿಲ್ಲ. ನನಗೆ ನಿಜವಾಗಿ ಖುಷಿ ಕೊಟ್ಟದ್ದು ಅದೇ. ಸಣ್ಣ ಟ್ರೇಲರಿನಲ್ಲಿ ಮೊದಲು ತಾಗುವುದು ಚಕ್ರದ ಹಿಂದೆ ಚಾಚಿಕೊಂಡಿರುವ ಬಾಲ, ಟ್ರೇಲರ್ ನಿಲ್ಲಿಸಿದಾಗ ಅಲ್ಲಾಡದಂತೆ ಊರುವ ಸ್ಟೆಬಿಲೈಸರ್ ಜ್ಯಾಕು, ನೀರು ಬಿಡುವ ಪೈಪು. ಕೊಳವೆಯ ಕೆಳಗೆ ಎಷ್ಟು ಇಂಚು ಅಂತ ಮಾತ್ರ ಅಳೆದು ಸಮಾಧಾನ ಪಟ್ಟುಕೊಳ್ಳಬೇಡಿ, ಟೈರಿನಿಂದ ಬಂಪರ್ ಅಂಚಿಗೆ ದಾರ ಹಿಡಿದು ನೋಡಿ.

ತೊಂದರೆ ಇಲ್ಲ ಅಂತಲ್ಲ. ಮೆಟ್ಟಿಲು ಎತ್ತರವಾಯಿತು. ಅಮ್ಮ ಸಾಗರದಿಂದ ಬಂದಿದ್ದಾಗ ಬಾಗಿಲ ಹತ್ತಿರ ನಿಂತು "ಇಷ್ಟೆತ್ತರ ಹತ್ತೋದು ನನ್ನ ಕೈಲಿ ಆಗಲ್ಲ ಕಣೋ, ಒಂದು ಮಣೆಯಾದ್ರೂ ಇಡು" ಅಂದರು. ಮಡಚುವ ಅಲ್ಯೂಮಿನಿಯಂ ಮೆಟ್ಟಿಲು ತಂದೆವು, ಈಗ ನಾವೂ ಅದನ್ನೇ ಬಳಸುತ್ತೇವೆ. ವ್ಯೋಮಿಂಗ್ ಬಯಲಿನಲ್ಲಿ ಅಡ್ಡಗಾಳಿ ಹೊಡೆದಾಗ ಮೊದಲಿಗಿಂತ ಸ್ವಲ್ಪ ಜಾಸ್ತಿ ತಳ್ಳಿದ ಹಾಗಾಗುತ್ತದೆ, ವೇಗ ಇಳಿಸುತ್ತೇನೆ. ಬೇರಿಂಗಿಗೆ ವರ್ಷಕ್ಕೊಮ್ಮೆ ಗ್ರೀಸ್ ಮಾಡಿಸುತ್ತೇನೆ. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ 10, 25, 50 ಮೈಲಿಗೆ ನಿಲ್ಲಿಸಿ ನಟ್ಟು ಮತ್ತೆ ಬಿಗಿ ಮಾಡುತ್ತೇನೆ. ಇದನ್ನು ಯಾರೂ ತಪ್ಪಿಸಬಾರದು.

ಎತ್ತರಕ್ಕೆ ದೊಡ್ಡ ಟೈರ್ ಸಾಕಲ್ಲ ಅಂತ ಕೇಳುವವರಿದ್ದಾರೆ. 175/80 ಅಳತೆಯ 13 ಇಂಚಿನ ಟೈರಿನಿಂದ 205/75 ಅಳತೆಯ 14 ಇಂಚಿಗೆ ಹೋದರೆ ಸಿಗುವುದು 1 ಇಂಚು ಅಷ್ಟೇ, ಅದೂ ಗೂಡಿನಲ್ಲಿ ಜಾಗ ಇದ್ದರೆ. ಲೀಫ್ ಸ್ಪ್ರಿಂಗ್ (ಬಾಗಿದ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗ್) ಇರುವ ಟ್ರೇಲರಿನವರ ದಾರಿ ಬೇರೆ. ಆಕ್ಸಲ್ ಸ್ಪ್ರಿಂಗಿನ ಮೇಲಿದ್ದರೆ ಅದನ್ನು ಕೆಳಗೆ ತಂದು ನಾಲ್ಕೈದು ಇಂಚು ಗಳಿಸಬಹುದು. ಆದರೆ ಆಕ್ಸಲನ್ನೇ ತಿರುಗಿಸಿ ಹಾಕಬಾರದು. ಅದಕ್ಕೆ ಭಾರ ಹೊರಲೆಂದೇ ಮೇಲ್ಮುಖವಾದ ಸಣ್ಣ ಬಾಗು ಕೊಟ್ಟಿರುತ್ತಾರೆ, ತಿರುಗಿಸಿದರೆ ಟೈರು ಒಂದೇ ಕಡೆ ಸವೆಯುತ್ತದೆ. ಸ್ಪ್ರಿಂಗ್ ಕೂರುವ ಪೀಠವನ್ನು ಮೇಲ್ಭಾಗಕ್ಕೆ ಹೊಸದಾಗಿ ವೆಲ್ಡ್ ಮಾಡಿಸಬೇಕು.

ಆರ್ಡರ್ ಕೊಡುವವರು ಚಕ್ರ ಕೂರುವ ಎರಡೂ ಹಬ್‌ಗಳ ಮುಖದಿಂದ ಮುಖಕ್ಕೆ ಇರುವ ದೂರ, ಫ್ರೇಮಿನ ಹೊರಗಿನ ಅಗಲ, ಚಕ್ರದ ಬೋಲ್ಟುಗಳ ಜೋಡಣೆ, ತುಂಬಿದ ಟ್ರೇಲರಿನ ತೂಕ, ಇಷ್ಟನ್ನು ಬರೆದಿಟ್ಟುಕೊಂಡೇ ಫೋನ್ ಮಾಡಿ. ತೂಕ ಊಹಿಸಿ ಹೇಳಬೇಡಿ. ಇರಲಿ ಅಂತ ಜಾಸ್ತಿ ಹೊರುವ ಆಕ್ಸಲ್ ತರಿಸಿದರೆ ಅದರ ರಬ್ಬರು ನಿಮ್ಮ ಹಗುರ ಟ್ರೇಲರಿಗೆ ಬಗ್ಗುವುದೇ ಇಲ್ಲ, ರಿವೆಟ್‌ಗಳು ಮತ್ತೆ ಕೀಳಲು ಶುರುವಾಗುತ್ತವೆ.