ಹೊಸ ಎಸ್‌ಯುವಿಯೋ, ಮೂರು ವರ್ಷ ಓಡಿದ್ದೋ?

ಮನೆಮಂದಿಗೆಲ್ಲ ಆಗುವ ಎಸ್‌ಯುವಿ ಬೇಕು, ಹೊಸದೋ ಹಳೆಯದೋ ಎಂದು ಕೇಳಿದ್ದೀರಿ. ಮೊದಲು ದುಡ್ಡಿನ ಮಾತು. ಗಾಡಿಯ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಜಾಸ್ತಿ ಇಳಿಯುತ್ತದೆ. ಆ ನಷ್ಟ ಮೊದಲ ಮಾಲೀಕರದು. ಹಾಗಾಗಿ ಹೊಸ ಚಿಕ್ಕ ಗಾಡಿಯ ದುಡ್ಡಿಗೆ ಮೂರು ಸಾಲು ಸೀಟಿನ ಹಳೆಯದು ಸಿಗಬಹುದು. ಆದರೆ ಹಳೆಯದರ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಹೆಚ್ಚು.

ನಂಬಿಕೆಯ ವಿಷಯಕ್ಕೆ ಬಂದರೆ ಹೊಸದಕ್ಕೆ ವಾರಂಟಿಯ ಬಲವಿದೆ. ಈಗಷ್ಟೇ ಬಂದ ಮಾಡೆಲ್ ಆದರೆ ಒಂದು ವರ್ಷ ಕಾಯಿರಿ, ಸಣ್ಣಪುಟ್ಟ ದೋಷಗಳು ಹೊರಬರಲಿ. ಹಳೆಯದರಲ್ಲಿ ಮೀಟರ್‌ಗಿಂತ ಸರ್ವಿಸ್ ದಾಖಲೆ ಮುಖ್ಯ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಸದ್ದು ಕೇಳಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಬೆಲ್ಟಿನ ಕೊನೆಯಲ್ಲಿ ಕೆಸರಿನ ಗುರುತಿದ್ದರೆ ನೀರಲ್ಲಿ ಮುಳುಗಿದ ಗಾಡಿ ಇರಬಹುದು. ಟೈರಿನ ಮೇಲೆ 2321 ಎಂದಿದ್ದರೆ ಅದು 2021ರ 23ನೇ ವಾರ ತಯಾರಾದದ್ದು. ಗಾಡಿ ಕಡಿಮೆ ಓಡಿದೆ ಅಂತಾರೆ, ಟೈರ್ ಮಾತ್ರ ಹೊಸದು! ಯಾಕೆ ಎಂದು ಕೇಳಲೇಬೇಕು, ಅಲ್ವಾ?

ಮಕ್ಕಳಿದ್ದರೆ ಇಎಸ್‌ಸಿ (ಗಾಡಿ ಜಾರಿ ಹಿಡಿತ ತಪ್ಪದಂತೆ ನೋಡುವ ವ್ಯವಸ್ಥೆ) ಮತ್ತು ಐಸೋಫಿಕ್ಸ್ (ಮಕ್ಕಳ ಸೀಟನ್ನು ಗಟ್ಟಿಯಾಗಿ ಸಿಕ್ಕಿಸುವ ಕೊಂಡಿ) ಇಲ್ಲದ ಗಾಡಿ ಎಷ್ಟೇ ಅಗ್ಗವಾದರೂ ಬೇಡ.

ಹತ್ತು ವರ್ಷ ಇಟ್ಟುಕೊಳ್ಳುವವರಿಗೆ, ದಿನಾ ದೂರ ಓಡಿಸುವವರಿಗೆ ಹೊಸದು ಸರಿ. ವಾರಕ್ಕೊಮ್ಮೆ ತೆಗೆಯುವವರಿಗೆ, ನಂಬಿಕಸ್ತ ಮೆಕ್ಯಾನಿಕ್ ಇರುವವರಿಗೆ ಮೂರು ವರ್ಷದ್ದು ಸಾಕು. ರಿಪೇರಿಗೆಂದು ಸ್ವಲ್ಪ ದುಡ್ಡು ಬೇರೆಯೇ ಎತ್ತಿಡಿ.