ಸೋಲೋ ಜಾಝ್ ವೈಬ್ರಫೋನ್ ಕೋರ್ಸ್: ಎರಡು ವರ್ಷ ಬಳಸಿದ ಮೇಲೆ

ವೈಬ್ರಫೋನ್ ಅಂದರೆ ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳನ್ನು ಕೋಲಿನಿಂದ ಹೊಡೆದು ನುಡಿಸುವ ವಾದ್ಯ. ಅದನ್ನು ಒಬ್ಬರೇ ನುಡಿಸೋದು ಕಲಿಸುವ ಈ ವಿಡಿಯೋ ಕೋರ್ಸಿಗೆ ಸೇರಿ ಎರಡು ವರ್ಷ ಆಯಿತು. ಮೊದಲ ತಿಂಗಳಲ್ಲೇ ಬರೆದಿದ್ದರೆ ಮೂರು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕೂವರೆ.

ಸೇರುವಾಗ ನನಗೆ ಎರಡು ಮ್ಯಾಲೆಟ್ (ಹೊಡೆಯುವ ಕೋಲು) ಹಿಡಿದು ಟ್ಯೂನ್ ನುಡಿಸೋದು ಬರುತ್ತಿತ್ತು. ಬ್ಯಾಂಡ್ ಜೊತೆಗಾದರೆ ಅಷ್ಟು ಸಾಕು. ಒಬ್ಬರೇ ನಿಂತಾಗ ಬೇಸ್ ಇಲ್ಲ, ಪಿಯಾನೋ ಇಲ್ಲ, ಎಲ್ಲವನ್ನೂ ಎರಡು ಕೈಗಳೇ ನೋಡಿಕೊಳ್ಳಬೇಕು. ಅದಕ್ಕೇ ನಾಲ್ಕು ಮ್ಯಾಲೆಟ್. ಪಾಠ ಶುರುವಾಗೋದು ಬರ್ಟನ್ ಗ್ರಿಪ್‌ನಿಂದ, ಅಂದರೆ ನಾಲ್ಕು ಕೋಲು ಹಿಡಿಯುವ ಒಂದು ರೀತಿಯಿಂದ. 1960ರ ದಶಕದಲ್ಲಿ ಜಾಝ್ ವಾದಕ ಗ್ಯಾರಿ ಬರ್ಟನ್ ಈ ವಾದ್ಯವನ್ನು ಪಿಯಾನೋ ಥರ ನುಡಿಸಿ ತೋರಿಸಿದರಲ್ವಾ, ಗ್ರಿಪ್‌ಗೆ ಅವರದೇ ಹೆಸರು. ಒಂದೊಂದು ಕೈಯಲ್ಲೂ ಎರಡು ಕೋಲು ಒಂದರ ಮೇಲೊಂದು ದಾಟಿರುತ್ತವೆ. ಬೆರಳ ಸಂದಿಯಲ್ಲಿ ಬೊಬ್ಬೆ ಬಂತು, ಆಮೇಲೆ ಗಟ್ಟಿಯಾಯಿತು. ಅದರ ಬಗ್ಗೆ ಜಾಸ್ತಿ ಹೇಳೋದೇನಿಲ್ಲ.

ದುಡ್ಡಿಗೆ ಬೆಲೆ ಬಂದಿದ್ದು ಡ್ಯಾಂಪಿಂಗ್, ಅಂದರೆ ಮೊಳಗುವ ಸ್ವರವನ್ನು ನಿಲ್ಲಿಸುವ ಪಾಠಗಳಲ್ಲಿ. ವೈಬ್ರಫೋನಿನ ಪಟ್ಟಿಗಳು ಲೋಹದವು. ಪೆಡಲ್ ಒತ್ತಿ ಹೊಡೆದರೆ ತುಂಬಾ ಹೊತ್ತು ಗುಂಯ್‌ಗುಡುತ್ತವೆ. ಪೆಡಲ್ ಬಿಟ್ಟರೆ ಫೆಲ್ಟ್ ಹಾಕಿದ ಉದ್ದ ಪಟ್ಟಿ ಬಂದು ಎಲ್ಲ ಸ್ವರಗಳನ್ನೂ ಒಟ್ಟಿಗೆ ಅಡಗಿಸುತ್ತದೆ. ಆದರೆ ಸೋಲೋದಲ್ಲಿ ಎಡಗೈಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೊಳಗುತ್ತಲೇ ಇರಬೇಕು, ಬಲಗೈಯ ಹಿಂದಿನ ಸ್ವರ ಮಾತ್ರ ನಿಲ್ಲಬೇಕು. ಆಗ ಪೆಡಲ್ ಕೆಳಗೇ ಇರಲಿ, ಒಂದು ಮ್ಯಾಲೆಟ್ಟಿನಿಂದ ಹೊಸ ಪಟ್ಟಿ ಹೊಡೆಯುವ ಕ್ಷಣದಲ್ಲೇ ಇನ್ನೊಂದನ್ನು ಹಳೆಯ ಪಟ್ಟಿಯ ಮೇಲೆ ಮೆತ್ತಗೆ ಒತ್ತಿ ಹಿಡಿಯಬೇಕು. ಇದು ಕೈಗೆ ಹತ್ತಲು ನನಗೆ ಏಳು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ನಾನು ನುಡಿಸಿದ್ದೆಲ್ಲ ಒಂದಕ್ಕೊಂದು ಮೆತ್ತಿಕೊಂಡಂತೆ ಕೇಳುತ್ತಿತ್ತು, ತಪ್ಪು ಸ್ವರ ಒಂದೂ ಇಲ್ಲದಿದ್ದರೂ. ಈಗ ಹೊಸ ಟ್ಯೂನ್ ಎತ್ತಿಕೊಂಡರೆ ಯಾವುದನ್ನು ಹೊಡೆಯಬೇಕು ಅನ್ನೋದಕ್ಕಿಂತ ಮೊದಲು ಯಾವುದನ್ನು ಎಲ್ಲಿ ನಿಲ್ಲಿಸಬೇಕು ಅಂತ ಗುರುತು ಹಾಕಿಕೊಳ್ಳುತ್ತೇನೆ.

ಕಾರ್ಡ್ ಪಾಠಗಳೂ ಈ ವಾದ್ಯಕ್ಕೆಂದೇ ಮಾಡಿದವು, ಪಿಯಾನೋದಿಂದ ಸುಮ್ನೆ ಎತ್ತಿ ತಂದವಲ್ಲ. ಸಾಮಾನ್ಯ ವೈಬ್ರಫೋನಿನಲ್ಲಿ ಮೂರು ಆಕ್ಟೇವ್, 37 ಪಟ್ಟಿ, ಅತಿ ಕೆಳಗಿನ ಸ್ವರ ಮಿಡಲ್ ಸಿ (ಪಿಯಾನೋದ ನಡುವಿನ ಸಿ ಸ್ವರ) ಗಿಂತ ಕೆಳಗಿನ ಎಫ್. ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಅನ್ನೋ ಮೂರು ಕಾರ್ಡ್‌ಗಳನ್ನು ಒಂದಾದಮೇಲೊಂದು ತೆಗೆದುಕೊಳ್ಳಿ. ಎಡಗೈಯಲ್ಲಿ ಒಂದೊಂದು ಕಾರ್ಡಿನ ಮೂಲ ಸ್ವರದಿಂದ ಎಣಿಸಿ ಮೂರನೆಯ ಮತ್ತು ಏಳನೆಯ ಸ್ವರ ಮಾತ್ರ ಸಾಕು. ಮೊದಲು ಎಫ್ ಮತ್ತು ಸಿ. ಆಮೇಲೆ ಸಿ ಜಾರಿ ಬಿ ಆಗುತ್ತದೆ. ಕೊನೆಗೆ ಎಫ್ ಜಾರಿ ಇ ಆಗಬೇಕು. ಆದರೆ ಎಫ್ ಅನ್ನು ಕೆಳಗಿಟ್ಟು ಶುರು ಮಾಡಿದ್ದರೆ ಆ ಇ ವಾದ್ಯದಲ್ಲೇ ಇಲ್ಲ! ಮಿಡಲ್ ಸಿ ಕೆಳಗೆ, ಎಫ್ ಅದರ ಮೇಲೆ ಇಟ್ಟರೆ ಕೆಲಸ ಆಗುತ್ತದೆ. ಒಂದು ಸಲಕ್ಕೆ ಒಂದೇ ಸ್ವರ ಜಾರೋದರಿಂದ ನಿಲ್ಲಿಸಬೇಕಾದ್ದೂ ಒಂದೇ. ಡ್ಯಾಂಪಿಂಗೂ ಕಾರ್ಡೂ ಒಂದೇ ಪಾಠ ಅಂತ ನನಗೆ ಹೊಳೆದದ್ದು ಇಲ್ಲೇ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಅರ್ಧ ಸ್ಟಾರ್ ವಿಷಯ. ಮೊದಲ ಹತ್ತು ಹನ್ನೆರಡು ವಿಡಿಯೋಗಳಲ್ಲಿ ಕ್ಯಾಮೆರಾ ಮೇಲಿನಿಂದಷ್ಟೇ ಇದೆ, ಕಾಲು ಕಾಣೋದೇ ಇಲ್ಲ. ಪೆಡಲ್ ಅರ್ಧ ಒತ್ತೋದನ್ನು ಬಾಯಲ್ಲಿ ಹೇಳಿದರೆ ಹೇಗೆ ಗೊತ್ತಾಗಬೇಕು? ನಾನು ಕಿವಿಯಿಂದಲೇ ಹುಡುಕಿ ಹುಡುಕಿ ಕಲಿತೆ. ದನಿಯನ್ನು ಅಲೆಯಾಡಿಸಲು ಪಟ್ಟಿಗಳ ಕೆಳಗಿನ ಫ್ಯಾನ್ ತಿರುಗಿಸುವ ಮೋಟರ್ ಬಗ್ಗೆಯೂ ಒಂದೇ ಪಾಠ. ವೈಬ್ರಫೋನ್ ವಾದಕ ಮಿಲ್ಟ್ ಜಾಕ್ಸನ್ ಥರ ನಿಧಾನ ಅಲೆಯಾಡುವ ದನಿ ಬೇಕು ಅನ್ನೋರಿಗೆ ಇದು ಸಾಲದು. ನಾನು ಮೋಟರ್ ಆಫ್ ಮಾಡಿಯೇ ನುಡಿಸುತ್ತೇನೆ, ಹಾಗಾಗಿ ನನಗೆ ತೊಂದರೆ ಆಗಲಿಲ್ಲ.

ನೋಟೇಶನ್ ಓದಲು, ಕಾರ್ಡ್ ಹೆಸರು ಗುರುತಿಸಲು ಬರದವರು ಮೊದಲು ಅದನ್ನು ಕಲಿತು ಬನ್ನಿ, ಇಲ್ಲದಿದ್ದರೆ ಎರಡನೇ ವಾರಕ್ಕೇ ಹಿಂದೆ ಬೀಳುತ್ತೀರಿ. ತಿಂಗಳಿಗೊಂದು ರೆಕಾರ್ಡಿಂಗ್ ಕಳಿಸುವ ಅವಕಾಶ ಇದೆ, ಅದನ್ನು ಒಂದು ಸಲವೂ ತಪ್ಪಿಸಬೇಡಿ. ಕಳೆದ ವಾರ ಒಂದು ನಿಧಾನದ ಟ್ಯೂನ್ ಕಳಿಸಿದ್ದೆ. ಐದನೇ ಬಾರ್‌ನಲ್ಲಿ (ತಾಳದ ಐದನೇ ಸುತ್ತಿನಲ್ಲಿ) ಬಿ ಸ್ವರ ಇನ್ನೂ ಮೊಳಗುತ್ತಿದೆ, ಮುಂದಿನ ಕಾರ್ಡಿಗೆ ಅದು ಬೇಡ ಅಂತ ಮೇಷ್ಟ್ರು ಬರೆದಿದ್ದಾರೆ. ಕೇಳಿ ನೋಡಿದೆ, ಹೌದು, ಇದೆ.